ಶಸ್ತ್ರಚಿಕಿತ್ಸೆಯ ಅಂಟು ಹೈಡ್ರೋಜೆಲ್‌ಗಳು ಮತ್ತು ದೇಹಕ್ಕೆ ಒಗ್ಗುವ ಕ್ರಿಯಾವರ್ಧಕಗಳು: ಸಾರ್ವಜನಿಕರ ತಿಳಿವಳಿಕೆಗಾಗಿ ಮಾಹಿತಿ

1. ಪೀಠಿಕೆ

ಗಾಯವನ್ನು ಹೊಲಿಯುವುದಕ್ಕೆ ಬದಲಾಗಿ ಅಥವಾ ಹೊಲಿಗೆಯ ಜೊತೆಗೆ ಅಂಟಿನಿಂದ ಮುಚ್ಚುವ ಪದ್ಧತಿಯು ಶಸ್ತ್ರಚಿಕಿತ್ಸೆಯಲ್ಲಿ ರೂಢಿಗೆ ಬಂದಿದೆ. ಕಣ್ಣಿನ ತೆಳುಪದರ, ಮೆದುಳಿನ ಹೊದಿಕೆ, ಶ್ವಾಸಕೋಶ, ಯಕೃತ್ತು, ರಕ್ತನಾಳ ಮುಂತಾದ ಭಾಗಗಳಲ್ಲಿ ಸೂಜಿ ದಾರ ಸುಲಭವಾಗಿ ಹಿಡಿಯುವುದಿಲ್ಲ. ಹಿಡಿದರೂ ಸೂಜಿ ಮಾಡಿದ ರಂಧ್ರದಿಂದಲೇ ರಕ್ತ, ಗಾಳಿ ಅಥವಾ ದ್ರವ ಸೋರುವುದುಂಟು. ಇಂತಹ ಕಡೆ ವೈದ್ಯರು ಅಂಟು ಗುಣವುಳ್ಳ ಹೈಡ್ರೋಜೆಲ್‌ಗಳನ್ನು ಬಳಸುತ್ತಾರೆ.

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಭಾಗದ ನಾಗರಿಕರು ಚಿಕಿತ್ಸಾ ನೆರವಿಗೆ ಅರ್ಜಿ ಸಲ್ಲಿಸುವಾಗ ಅಂದಾಜು ವೆಚ್ಚದ ಪಟ್ಟಿಯಲ್ಲಿಯೋ ಒಪ್ಪಿಗೆ ಪತ್ರದಲ್ಲಿಯೋ ‘ಫೈಬ್ರಿನ್ ಗ್ಲೂ’, ‘ಟಿಶ್ಯೂ ಗ್ಲೂ’, ‘ಸೀಲಂಟ್’ ಎಂಬ ಪದಗಳನ್ನು ಕಾಣಬಹುದು. ಇವು ಏನು, ಯಾವುದರಿಂದ ತಯಾರಾಗುತ್ತವೆ, ಸಹಿ ಹಾಕುವ ಮೊದಲು ಏನನ್ನು ಕೇಳಿ ತಿಳಿಯಬೇಕು ಎಂಬುದನ್ನು ಸರಳವಾಗಿ ವಿವರಿಸುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಮುಖ್ಯವಾಗಿ ಗಮನಿಸಬೇಕಾದ ಅಂಶವನ್ನು ಆರಂಭದಲ್ಲಿಯೇ ತಿಳಿಸಲಾಗಿದೆ: ಅಂಟು ಯಾವುದು ಎಂದು ಕೇಳಿದರೆ ಸಾಲದು, ಆ ಅಂಟನ್ನು ಗಟ್ಟಿಯಾಗಿಸುವ ವಸ್ತು ಯಾವುದು ಎಂದೂ ಕೇಳಬೇಕು. ಅಂಟು ಕೆಲವು ದಿನಗಳಲ್ಲಿ ಕರಗಿ ಹೋಗಬಹುದು. ಅದನ್ನು ಗಟ್ಟಿಯಾಗಿಸಿದ ವಸ್ತುವು ದೇಹಕ್ಕೆ ಒಗ್ಗದಿದ್ದಲ್ಲಿ ಅದರ ಪರಿಣಾಮ ಮಾತ್ರ ಉಳಿಯಬಹುದು.

2. ಹೈಡ್ರೋಜೆಲ್ ಎಂದರೇನು?

ನೀರನ್ನು ಹಿಡಿದಿಟ್ಟುಕೊಂಡು, ಕರಗದೆ, ಮೃದುವಾಗಿ ನಿಲ್ಲುವ ಜಾಲಕ್ಕೆ ಹೈಡ್ರೋಜೆಲ್ ಎನ್ನುತ್ತಾರೆ. ಕಾಮಕಸ್ತೂರಿ ಬೀಜವನ್ನು ನೀರಿನಲ್ಲಿ ನೆನೆಯಿಟ್ಟಾಗ ಅದರ ಸುತ್ತ ಕಾಣುವ ಲೋಳೆಯ ಪದರ ಇದಕ್ಕೆ ಮನೆಯಲ್ಲಿಯೇ ಸಿಗುವ ಉದಾಹರಣೆಯಾಗಿದೆ. ಕಣ್ಣಿಗೆ ಹಾಕುವ ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಸಹ ಹೈಡ್ರೋಜೆಲ್ ಆಗಿದ್ದು, ಇಂತಹ ವಸ್ತುವನ್ನು ದೇಹದ ಮೇಲೆ ಬಳಸಬಹುದೆಂದು 1960ರಲ್ಲಿ ಆಗಿನ ಝೆಕೊಸ್ಲೊವಾಕಿಯಾದ ವಿಜ್ಞಾನಿಗಳಾದ ಓಟೊ ವಿಖ್ಟರ್ಲೆ ಮತ್ತು ಡ್ರಾಹೊಸ್ಲಾವ್ ಲಿಮ್ ಅವರು ಪ್ರಕಟಿಸಿದರು.

ಈ ಜಾಲವು ಉದ್ದನೆಯ ಅಣುಸರಪಳಿಗಳಿಂದ ಕೂಡಿರುತ್ತದೆ. ಸರಪಳಿಗಳು ಬಿಡಿಬಿಡಿಯಾಗಿ ಇರುವವರೆಗೆ ಅದು ದ್ರವ. ಅಲ್ಲಲ್ಲಿ ಒಂದಕ್ಕೊಂದು ಗಂಟು ಬಿದ್ದಾಗ ಅದು ಜೆಲ್. ಇಳಕಲ್ ಸೀರೆಯ ಮಗ್ಗವನ್ನು ನೋಡಿದವರಿಗೆ ಇದು ಹೊಸತೆನಿಸದು. ಅಲ್ಲಿ ಮೈಭಾಗದ ಹಾಸುನೂಲು ಬೇರೆ, ಸೆರಗಿನ ಹಾಸುನೂಲು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸಿದ ಮೇಲೆಯೇ ಅದು ಒಂದು ಸೀರೆಯಾಗುತ್ತದೆ. ಕುಣಿಕೆ ಕಡಿಮೆಯಾದರೆ ಸಡಿಲ, ಅತಿಯಾದರೆ ಬಿರುಸು. ಹೈಡ್ರೋಜೆಲ್‌ನ ಗುಣವೂ ಅದರ ಗಂಟುಗಳ ಸಂಖ್ಯೆಯನ್ನೇ ಅವಲಂಬಿಸಿರುತ್ತದೆ.

ಜೆಲ್ ಅಂಟಾಗಬೇಕಾದರೆ ಇನ್ನೂ ಒಂದು ಕೆಲಸ ನಡೆಯಬೇಕು. ಅದರ ಸರಪಳಿಗಳು ತಮ್ಮೊಳಗೆ ಗಂಟು ಬೀಳುವುದರ ಜೊತೆಗೆ ಗಾಯದ ಅಂಚಿನ ಜೀವಕಣಜಾಲಕ್ಕೂ ಗಂಟು ಬೀಳಬೇಕು. ಅದೂ ರಕ್ತದಿಂದ ಒದ್ದೆಯಾದ, ಮಿಡಿಯುತ್ತಿರುವ ಜಾಗದಲ್ಲಿ. ಒಣಗಿದ ಮರಕ್ಕೋ ಕಾಗದಕ್ಕೋ ಹಚ್ಚುವ ಅಂಟು ಇಲ್ಲಿ ಕೆಲಸಕ್ಕೆ ಬಾರದಿರುವುದಕ್ಕೆ ಇದೇ ಕಾರಣ.

3. ಕ್ರಿಯಾವರ್ಧಕದ ಅಗತ್ಯವೇನು?

ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ರೊಟ್ಟಿ ಬಡಿಯಲು ಹೋದರೆ ಅಂಚು ಬಿರಿಯುತ್ತದೆ. ಅದೇ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದರೆ ಜಿಗುಟು ಬರುತ್ತದೆ. ಬಿಸಿಯಿಂದ ಪಿಷ್ಟವು ನೀರನ್ನು ಹೀರಿ ಜೆಲ್ ಆಗುವುದೇ ಇದಕ್ಕೆ ಕಾರಣ. ಆದರೆ ಮನುಷ್ಯನ ದೇಹದೊಳಗೆ ಎಸರು ಹಾಕಲಾಗದು. ಅಲ್ಲಿ ಎಲ್ಲವೂ ಸುಮಾರು 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ನೀರಿನ ನಡುವೆ, ವೈದ್ಯರು ಕಾಯಬಲ್ಲ ಕೆಲವು ಸೆಕೆಂಡು ಅಥವಾ ನಿಮಿಷಗಳಲ್ಲಿ ನಡೆಯಬೇಕು. ಬಿಸಿಯ ಬದಲಿಗೆ ಈ ಕೆಲಸವನ್ನು ಮಾಡಿಸುವ ವಸ್ತುವೇ ಕ್ರಿಯಾವರ್ಧಕ.

ಕ್ರಿಯಾವರ್ಧಕವು ರಾಸಾಯನಿಕ ಕ್ರಿಯೆಯನ್ನು ಬೇಗ ನಡೆಸುತ್ತದೆ, ಆದರೆ ತಾನು ಖರ್ಚಾಗುವುದಿಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ದಿನವಿಡೀ ವ್ಯವಹಾರ ನಡೆದರೂ ಈ ಒಂದು ಬಾಬಿನಲ್ಲಿ ಆರಂಭ ಶಿಲ್ಕು ಮತ್ತು ಅಂತಿಮ ಶಿಲ್ಕು ಒಂದೇ ಆಗಿರುತ್ತದೆ. ಕಾರ್ಖಾನೆಯಲ್ಲಿ ಇದು ಅನುಕೂಲವೇ ಸರಿ. ಕೆಲಸ ಮುಗಿದ ಮೇಲೆ ಅದನ್ನು ತೊಳೆದು ತೆಗೆಯಬಹುದು. ದೇಹದೊಳಗೆ ಹಾಕಿದ ಅಂಟಿನಿಂದ ತೊಳೆದು ತೆಗೆಯಲಾಗದು. ಖರ್ಚಾಗದೆ ಉಳಿದ ಶಿಲ್ಕು ದೇಹದಲ್ಲಿಯೇ ಉಳಿಯುತ್ತದೆ. ಆದ್ದರಿಂದ ಅದು ದೇಹಕ್ಕೆ ಒಗ್ಗುವಂತಹುದೇ ಆಗಿರಬೇಕಾಗುತ್ತದೆ.

ಕೈಗಾರಿಕೆಯಲ್ಲಿ ಬಳಕೆಯಲ್ಲಿರುವ ಹಲವು ಕ್ರಿಯಾವರ್ಧಕಗಳು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಪಾಲಿಯುರೆಥೇನ್ ತಯಾರಿಕೆಯಲ್ಲಿ ಬಳಸುವ ತವರದ ಕೆಲವು ಸಂಯುಕ್ತಗಳು ಜೀವಕೋಶಗಳಿಗೆ ವಿಷಕಾರಿ. ಅಣುಗಳನ್ನು ಕೊಂಡಿಯಂತೆ ಜೋಡಿಸುವ ‘ಕ್ಲಿಕ್’ ರಸಾಯನ ವಿಧಾನವು ಮೊದಲು ತಾಮ್ರವನ್ನು ಕ್ರಿಯಾವರ್ಧಕವಾಗಿ ಅವಲಂಬಿಸಿತ್ತು. ತಾಮ್ರದ ಅಯಾನುಗಳು ಜೀವಕೋಶಗಳಿಗೆ ಹಾನಿ ಮಾಡುವುದರಿಂದ ಜೀವಂತ ದೇಹದಲ್ಲಿ ಅದು ತೊಡಕಾಯಿತು. ಅಮೆರಿಕದ ವಿಜ್ಞಾನಿ ಕ್ಯಾರೊಲಿನ್ ಬರ್ಟೋಝಿ ಅವರು ತಾಮ್ರವಿಲ್ಲದೆಯೇ ಅದೇ ಜೋಡಣೆ ನಡೆಯುವ ಮಾರ್ಗವನ್ನು ರೂಪಿಸಿದರು. 2022ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯು ಬರ್ಟೋಝಿ, ಮಾರ್ಟನ್ ಮೆಲ್ಡಾಲ್ ಮತ್ತು ಬ್ಯಾರಿ ಶಾರ್ಪ್‌ಲೆಸ್ ಅವರಿಗೆ ಸಂದಿತು.

4. ದೇಹವೇ ಇಟ್ಟುಕೊಂಡಿರುವ ಕ್ರಿಯಾವರ್ಧಕ: ಥ್ರಾಂಬಿನ್

ದೇಹಕ್ಕೆ ಒಗ್ಗುವ ಕ್ರಿಯಾವರ್ಧಕವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬೆರಳು ಕೊಯ್ದಾಗ ರಕ್ತ ಹೆಪ್ಪುಗಟ್ಟುವುದೇ ಅಂಟು ಹೈಡ್ರೋಜೆಲ್ ತಯಾರಾಗುವ ಕ್ರಿಯೆ. ಅದು ನಡೆಯುವ ರೀತಿ ಕೆಳಕಂಡಂತಿದೆ:

- ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಕರಗಿದ ಸ್ಥಿತಿಯಲ್ಲಿ ಇರುತ್ತದೆ.
- ಗಾಯವಾದಾಗ ಥ್ರಾಂಬಿನ್ ಎಂಬ ಕಿಣ್ವ ಉತ್ಪತ್ತಿಯಾಗಿ, ಫೈಬ್ರಿನೋಜನ್‌ನ ತುದಿಯ ಸಣ್ಣ ತುಣುಕುಗಳನ್ನು ಕತ್ತರಿಸುತ್ತದೆ. ಆಗ ಅದು ಫೈಬ್ರಿನ್ ಆಗಿ ಎಳೆಎಳೆಯಾಗಿ ಸೇರಿಕೊಳ್ಳುತ್ತದೆ.
- ಥ್ರಾಂಬಿನ್ ಜಾಗೃತಗೊಳಿಸಿದ ‘ಫ್ಯಾಕ್ಟರ್ 13’ ಎಂಬ ಇನ್ನೊಂದು ಕಿಣ್ವವು ಕ್ಯಾಲ್ಸಿಯಂ ಸಹಾಯದಿಂದ ಆ ಎಳೆಗಳ ನಡುವೆ ಬಿಗಿಯಾದ ಗಂಟು ಹಾಕುತ್ತದೆ.
- ಗಾಯ ಮಾಗಿದಂತೆ ಪ್ಲಾಸ್ಮಿನ್ ಎಂಬ ಕಿಣ್ವವು ಈ ಜಾಲವನ್ನು ಕರಗಿಸುತ್ತದೆ.

ಹೀಗೆ ಕಟ್ಟುವ ಕಿಣ್ವವೂ ಕಳಚುವ ಕಿಣ್ವವೂ ದೇಹದಲ್ಲಿಯೇ ಇವೆ. ಕೆಲಸ ಮುಗಿದ ಥ್ರಾಂಬಿನ್ ಅನ್ನು ನಿಷ್ಕ್ರಿಯಗೊಳಿಸುವ ವ್ಯವಸ್ಥೆಯೂ ರಕ್ತದಲ್ಲಿದೆ. ಫೈಬ್ರಿನ್ ಗ್ಲೂ ಎಂಬುದು ಇದೇ ಕ್ರಿಯೆಯ ವೈದ್ಯಕೀಯ ರೂಪ. ಜೋಡಿ ಸಿರಿಂಜಿನ ಒಂದು ಕೊಳವೆಯಲ್ಲಿ ಫೈಬ್ರಿನೋಜನ್, ಇನ್ನೊಂದರಲ್ಲಿ ಥ್ರಾಂಬಿನ್ ಮತ್ತು ಕ್ಯಾಲ್ಸಿಯಂ ಇರುತ್ತದೆ. ಎರಡೂ ತುದಿಯಲ್ಲಿ ಬೆರೆತ ಕೂಡಲೇ ಜೆಲ್ ಆಗುತ್ತದೆ. ಥ್ರಾಂಬಿನ್ ಪ್ರಮಾಣವು ಮಿಲಿಲೀಟರಿಗೆ 500 ಘಟಕದಷ್ಟಿದ್ದರೆ ಕೆಲವೇ ಸೆಕೆಂಡುಗಳಲ್ಲಿ, 4 ಘಟಕದಷ್ಟಿದ್ದರೆ ಸುಮಾರು 1 ನಿಮಿಷದಲ್ಲಿ ಗಟ್ಟಿಯಾಗುತ್ತದೆ. ರಕ್ತಸ್ರಾವ ನಿಲ್ಲಿಸಬೇಕಾದಲ್ಲಿ ಮೊದಲನೆಯದು, ತೆಳುಚರ್ಮವನ್ನು ಸರಿಹೊಂದಿಸಿ ಕೂರಿಸಲು ಸಮಯ ಬೇಕಾದಲ್ಲಿ ಎರಡನೆಯದು ಅನುಕೂಲ.

ಈ ಅಂಟಿನ ಇತಿಹಾಸದಲ್ಲಿ ಪಾಠವೂ ಇದೆ. 1944ರಲ್ಲಿಯೇ ಚರ್ಮದ ಕಸಿಗೆ ಫೈಬ್ರಿನೋಜನ್ ಮತ್ತು ಥ್ರಾಂಬಿನ್ ಅನ್ನು ಒಟ್ಟಿಗೆ ಬಳಸಲಾಗಿತ್ತು. ಆದರೆ ಅನೇಕ ದಾನಿಗಳ ರಕ್ತವನ್ನು ಕೂಡಿಸಿ ತೆಗೆದ ಫೈಬ್ರಿನೋಜನ್‌ನಿಂದ ಕಾಮಾಲೆ ರೋಗ (ಹೆಪಟೈಟಿಸ್) ಹರಡುವ ಅಪಾಯ ಕಂಡುಬಂದು, ಅಮೆರಿಕವು 1977ರಲ್ಲಿ ಅದರ ಪರವಾನಗಿಯನ್ನು ಹಿಂತೆಗೆದುಕೊಂಡಿತು. ದಾನಿಗಳ ಪರೀಕ್ಷೆ ಹಾಗೂ ವೈರಾಣು ನಾಶಪಡಿಸುವ ವಿಧಾನಗಳು ಸುಧಾರಿಸಿದ ನಂತರ 1998ರಲ್ಲಿ ಅಲ್ಲಿ ಫೈಬ್ರಿನ್ ಸೀಲಂಟ್‌ಗೆ ಅನುಮತಿ ದೊರೆಯಿತು.

ಕ್ರಿಯಾವರ್ಧಕದ ವಿಷಯದಲ್ಲಿಯೂ ಇಂತಹುದೇ ಅನುಭವವಾಯಿತು. ಹಿಂದೆ ದನದ ರಕ್ತದಿಂದ ತೆಗೆದ ಥ್ರಾಂಬಿನ್ ವ್ಯಾಪಕವಾಗಿ ಬಳಕೆಯಲ್ಲಿತ್ತು. ಕೆಲವು ರೋಗಿಗಳ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸಿತು. ಆ ಪ್ರತಿಕಾಯಗಳು ರೋಗಿಯ ಸ್ವಂತ ರಕ್ತದ ‘ಫ್ಯಾಕ್ಟರ್ 5’ ಎಂಬ ಅಂಶವನ್ನೂ ತಡೆದುದರಿಂದ, ರಕ್ತಸ್ರಾವ ನಿಲ್ಲಿಸಲು ಹಾಕಿದ ವಸ್ತುವೇ ಮುಂದೆ ರಕ್ತಸ್ರಾವಕ್ಕೆ ಕಾರಣವಾದ ಪ್ರಕರಣಗಳು ವರದಿಯಾದವು. ಆ ನಂತರ ಮಾನವ ಪ್ಲಾಸ್ಮಾದಿಂದ ತೆಗೆದ ಥ್ರಾಂಬಿನ್ ಮತ್ತು ಜೈವಿಕ ತಂತ್ರಜ್ಞಾನದಿಂದ ತಯಾರಿಸಿದ ಥ್ರಾಂಬಿನ್ ಬಳಕೆಗೆ ಬಂದವು. ಎರಡನೆಯದಕ್ಕೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ಕಿಣ್ವದ ಹೆಸರು ಒಂದೇ ಆದರೂ ಅದರ ಮೂಲ ಯಾವುದು ಎಂಬುದು ಎಷ್ಟು ಮುಖ್ಯ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಫೈಬ್ರಿನ್ ಗ್ಲೂ ತಯಾರಿಕೆಯ ತಂತ್ರಜ್ಞಾನವನ್ನು ಅಭಿವೃದ್ಧಿಪಡಿಸಿದೆ.

5. ಈ ಭಾಗದ ಜನರಿಗೆ ಹತ್ತಿರದ ಉದಾಹರಣೆ: ಕಣ್ಣಿನ ಟೆರಿಜಿಯಂ

ಬಾದಾಮಿಯ ಮರಳುಗಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್, ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲು ಎಲ್ಲರಿಗೂ ತಿಳಿದವೇ. ಗಣಿ, ಹೊಲ ಮತ್ತು ರಸ್ತೆ ಕಾಮಗಾರಿಗಳಲ್ಲಿ ಬಿಸಿಲು, ಗಾಳಿ, ದೂಳಿನ ನಡುವೆ ವರ್ಷಗಟ್ಟಲೆ ದುಡಿಯುವವರಲ್ಲಿ ಕಣ್ಣಿನ ಬಿಳಿಭಾಗದಿಂದ ಕಪ್ಪುಗುಡ್ಡೆಯ ಕಡೆಗೆ ತೆಳುವಾದ ಮಾಂಸಪದರ ಬೆಳೆಯುವುದುಂಟು. ಇದಕ್ಕೆ ಟೆರಿಜಿಯಂ ಎನ್ನುತ್ತಾರೆ. ಇದು ಕಣ್ಣಿನ ಪೊರೆ ಅಲ್ಲ. ಬಿಸಿಲಿನ ನೇರಳಾತೀತ ಕಿರಣಗಳು ಇದಕ್ಕೆ ಪ್ರಮುಖ ಕಾರಣವೆಂದು ತಿಳಿದುಬಂದಿದೆ. ಪದರವು ಕಪ್ಪುಗುಡ್ಡೆಯ ನಡುಭಾಗವನ್ನು ಸಮೀಪಿಸಿದಲ್ಲಿ ದೃಷ್ಟಿಗೆ ತೊಂದರೆಯಾಗುತ್ತದೆ.

ಬರೀ ಪದರವನ್ನು ಕತ್ತರಿಸಿ ತೆಗೆದರೆ ಅದು ಮತ್ತೆ ಬೆಳೆಯುವ ಸಂಭವ ಹೆಚ್ಚು. ಆದ್ದರಿಂದ ರೋಗಿಯದೇ ಕಣ್ಣಿನ ಮೇಲ್ಭಾಗದಿಂದ ತೆಳುಪದರವೊಂದನ್ನು ತೆಗೆದು ಆ ಜಾಗಕ್ಕೆ ಕಸಿ ಮಾಡಲಾಗುತ್ತದೆ. ಕಸಿಯನ್ನು ಕೂರಿಸಲು ಮೂರು ಮಾರ್ಗಗಳಿವೆ:

- ಸೂಕ್ಷ್ಮ ದಾರದ ಹೊಲಿಗೆ. ಸಮಯ ಹೆಚ್ಚು ಬೇಕು. ಹೊಲಿಗೆ ಇರುವವರೆಗೆ ಕಣ್ಣು ಚುಚ್ಚುತ್ತದೆ.
- ಫೈಬ್ರಿನ್ ಗ್ಲೂ. ಅಧ್ಯಯನಗಳ ಪ್ರಕಾರ ಸಮಯ ಕಡಿಮೆ, ಪದರ ಮತ್ತೆ ಬೆಳೆಯುವ ಸಂಭವವೂ ಹೊಲಿಗೆಗಿಂತ ಕಡಿಮೆ. ಆದರೆ ಕಸಿ ಸರಿಯುವಂತಹ ತೊಡಕುಗಳು ಸ್ವಲ್ಪ ಹೆಚ್ಚು. ಕಿಟ್‌ನ ಬೆಲೆಯೂ ಸೇರುತ್ತದೆ.
- ರೋಗಿಯ ಸ್ವಂತ ರಕ್ತ. ಶಸ್ತ್ರಚಿಕಿತ್ಸೆಯ ಜಾಗದಲ್ಲಿಯೇ ಒಸರುವ ರಕ್ತದ ತೆಳುಪದರದ ಮೇಲೆ ಕಸಿಯನ್ನು ಹರಡಿ, ಹೆಪ್ಪುಗಟ್ಟುವವರೆಗೆ ಕೆಲವು ನಿಮಿಷ ಕಾಯಲಾಗುತ್ತದೆ. ಹೊರಗಿನ ಅಂಟೂ ಬೇಡ, ಹೊರಗಿನ ಕ್ರಿಯಾವರ್ಧಕವೂ ಬೇಡ. ಆದರೆ ಹಿಡಿತ ಕಿಟ್‌ನ ಅಂಟಿಗಿಂತ ದುರ್ಬಲವಾಗಿರುವುದರಿಂದ ಮೊದಲ ದಿನಗಳಲ್ಲಿ ಕಣ್ಣು ಉಜ್ಜದಂತೆ ವಿಶೇಷ ಎಚ್ಚರ ವಹಿಸಬೇಕು.

ಈ ಮೂರೂ ಸ್ಥಾಪಿತ ವಿಧಾನಗಳಾಗಿದ್ದು, ಯಾವುದು ತಕ್ಕುದೆಂದು ನಿರ್ಧರಿಸುವವರು ನೇತ್ರ ತಜ್ಞರು. ಆದರೆ ಮೂರನೆಯ ಮಾರ್ಗವೂ ಇದೆ ಎಂಬುದು ರೋಗಿಗೆ ತಿಳಿದಿದ್ದಲ್ಲಿ ಕಿಟ್‌ಗೆ ಹಣವಿಲ್ಲವೆಂದು ಚಿಕಿತ್ಸೆಯನ್ನೇ ಮುಂದೂಡುವ ಪ್ರಸಂಗ ಬರುವುದಿಲ್ಲ.

6. ಇತರ ಕ್ರಿಯಾವರ್ಧಕಗಳು ಮತ್ತು ಸಂಶೋಧನೆ

ಥ್ರಾಂಬಿನ್ ಹೊರತುಪಡಿಸಿ ಈ ಕೆಳಗಿನ ಮಾರ್ಗಗಳಿವೆ. ಇವುಗಳಲ್ಲಿ ಕೆಲವು ಬಳಕೆಯಲ್ಲಿದ್ದು, ಹಲವು ಇನ್ನೂ ಪ್ರಯೋಗಾಲಯದ ಹಂತದಲ್ಲಿವೆ.

(ಅ) ಪೆರಾಕ್ಸಿಡೇಸ್: ಹಾರ್ಸ್‌ರ‍್ಯಾಡಿಷ್ ಎಂಬ ಗೆಡ್ಡೆಯಿಂದ ತೆಗೆಯುವ ಕಿಣ್ವ. ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಸರಪಳಿಗಳನ್ನು ಬೇಗನೆ ಜೋಡಿಸುತ್ತದೆ. ಇಲ್ಲಿ ಪೆರಾಕ್ಸೈಡ್ ಹೆಚ್ಚಾದರೆ ಜೀವಕೋಶಗಳಿಗೆ ಹಾನಿ. ಆದ್ದರಿಂದ ಗ್ಲೂಕೋಸ್‌ನಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಉತ್ಪಾದಿಸುವ ಮತ್ತೊಂದು ಕಿಣ್ವವನ್ನು ಜೊತೆಗೆ ಸೇರಿಸುವ ಕ್ರಮವನ್ನು ಸಂಶೋಧಕರು ಅನುಸರಿಸುತ್ತಾರೆ.

(ಆ) ಟ್ರಾನ್ಸ್‌ಗ್ಲುಟಮಿನೇಸ್: ಮೇಲೆ ಹೇಳಿದ ‘ಫ್ಯಾಕ್ಟರ್ 13’ ಸೇರಿದ ಕಿಣ್ವಕುಟುಂಬ. ಸೂಕ್ಷ್ಮಜೀವಿಗಳಿಂದ ಪಡೆಯುವ ಇದೇ ಬಗೆಯ ಕಿಣ್ವವು ಆಹಾರ ಕೈಗಾರಿಕೆಯಲ್ಲಿ ಬಳಕೆಯಲ್ಲಿದ್ದು, ಕ್ಯಾಲ್ಸಿಯಂ ಇಲ್ಲದೆಯೂ ಕೆಲಸ ಮಾಡುತ್ತದೆ. ಜೆಲಾಟಿನ್ ಆಧಾರಿತ ಅಂಟುಗಳಲ್ಲಿ ಇದರ ಪ್ರಯೋಗ ನಡೆದಿದೆ.

(ಇ) ಟೈರೋಸಿನೇಸ್: ಹೆಚ್ಚಿಟ್ಟ ಬದನೆಕಾಯಿ, ಆಲೂಗಡ್ಡೆ ಕಪ್ಪಾಗುವುದಕ್ಕೆ ಕಾರಣವಾದ ಕಿಣ್ವಗಳ ವರ್ಗಕ್ಕೆ ಸೇರಿದುದು. ಸಮುದ್ರದ ಮಳಿ (ಕಲ್ಲಿಗೆ ಅಂಟಿಕೊಳ್ಳುವ ಚಿಪ್ಪುಜೀವಿ) ನೀರಿನೊಳಗೆ ಬಂಡೆಗೆ ಅಂಟಿಕೊಳ್ಳುವ ರಾಸಾಯನಿಕ ಗುಣವನ್ನು ಅನುಕರಿಸುವ ಅಂಟುಗಳಲ್ಲಿ, ಕಠಿಣ ಉತ್ಕರ್ಷಕಗಳ ಬದಲಿಗೆ ಇದನ್ನು ಬಳಸುವ ಪ್ರಯತ್ನಗಳು ನಡೆದಿವೆ.

(ಈ) ಹಾವಿನ ವಿಷದ ಕಿಣ್ವ: ದಕ್ಷಿಣ ಅಮೆರಿಕದ ಒಂದು ಜಾತಿಯ ಹಾವಿನ ವಿಷದಲ್ಲಿ, ಥ್ರಾಂಬಿನ್‌ನಂತೆ ಫೈಬ್ರಿನೋಜನ್ ಅನ್ನು ಕತ್ತರಿಸುವ ಕಿಣ್ವವಿದೆ. ಅದನ್ನು ಶುದ್ಧೀಕರಿಸಿ, ಬೆಳಕಿನಿಂದ ಗಟ್ಟಿಯಾಗುವ ಜೆಲಾಟಿನ್ ಜೆಲ್‌ನಲ್ಲಿ ಸೇರಿಸಿ ತಯಾರಿಸಿದ ಅಂಟಿನ ಕುರಿತು 2021ರಲ್ಲಿ ಕೆನಡಾದ ಸಂಶೋಧಕರನ್ನೊಳಗೊಂಡ ತಂಡವೊಂದು ವರದಿ ಮಾಡಿತು. ಪ್ರಯೋಗವು ಪ್ರಾಣಿಗಳ ಮೇಲೆ ನಡೆದಿರುತ್ತದೆ. ನಮ್ಮ ಹೊಲಗಳ ಕೊಳಕುಮಂಡಲ ಹಾವಿನ ವಿಷವೂ ರಕ್ತವನ್ನು ಹೆಪ್ಪುಗಟ್ಟಿಸುವ ಕಿಣ್ವಗಳನ್ನು ಒಳಗೊಂಡಿದೆ. ಕಡಿತಕ್ಕೊಳಗಾದವರಲ್ಲಿ ಹೆಪ್ಪುಗಟ್ಟುವ ಅಂಶಗಳೆಲ್ಲ ಖರ್ಚಾಗಿ ರಕ್ತಸ್ರಾವ ನಿಲ್ಲದಂತಾಗುತ್ತದೆ. ಒಂದೇ ಬಗೆಯ ಕ್ರಿಯೆಯು ಅಳತೆಯಲ್ಲಿದ್ದಾಗ ಔಷಧ, ಅಳತೆ ಮೀರಿದಾಗ ವಿಷ. ಹಾವು ಕಚ್ಚಿದಲ್ಲಿ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

(ಉ) ಬೆಳಕು: ದಂತ ವೈದ್ಯರು ಹಲ್ಲಿನ ಕುಳಿಯನ್ನು ತುಂಬಿ ನೀಲಿ ಬೆಳಕು ಹಾಯಿಸುವುದನ್ನು ಹಲವರು ಕಂಡಿರಬಹುದು. ಅದೇ ತತ್ವದಿಂದ ಕೆಲವು ಜೆಲ್‌ಗಳನ್ನು ಗಟ್ಟಿಯಾಗಿಸಲಾಗುತ್ತದೆ. ಇಲ್ಲಿ ಬೆಳಕನ್ನು ಹೀರುವ ವಸ್ತುವು ಖರ್ಚಾಗುವುದರಿಂದ ಅದನ್ನು ಕಟ್ಟುನಿಟ್ಟಾಗಿ ಕ್ರಿಯಾವರ್ಧಕ ಎನ್ನುವುದಿಲ್ಲ, ಪ್ರಾರಂಭಕ ಎನ್ನುತ್ತಾರೆ. ಆದರೂ ಅದರ ಅಂಶ ದೇಹದಲ್ಲಿ ಉಳಿಯುವುದರಿಂದ ಅದೇ ಪರೀಕ್ಷೆ ಇದಕ್ಕೂ ಅನ್ವಯಿಸುತ್ತದೆ.

(ಊ) ಕ್ರಿಯಾವರ್ಧಕವೇ ಬೇಡದ ಜೆಲ್‌ಗಳು: ಎರಡು ದ್ರವಗಳು ಬೆರೆತಾಗ ತಾವಾಗಿಯೇ ಗಂಟು ಬೀಳುವಂತೆ ರೂಪಿಸುವುದು ಇನ್ನೊಂದು ಮಾರ್ಗ. ಮೆದುಳು ಹೊದಿಕೆಯ ಸೋರಿಕೆಯನ್ನು ತಡೆಯಲು ಅಮೆರಿಕದಲ್ಲಿ 2005ರಲ್ಲಿ ಅನುಮತಿ ಪಡೆದ ಪಾಲಿಎಥಿಲೀನ್ ಗ್ಲೈಕಾಲ್ ಜೆಲ್ ಈ ಬಗೆಯದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಜಯಂತ ಹಲ್ದಾರ್ ಅವರ ತಂಡವು, ಸಿಗಡಿ ಏಡಿಗಳ ಚಿಪ್ಪಿನಿಂದ ದೊರೆಯುವ ಕೈಟೋಸಾನ್‌ನ ಒಂದು ರೂಪ ಮತ್ತು ಡೆಕ್ಸ್‌ಟ್ರಾನ್ ಎಂಬ ಸಕ್ಕರೆಸರಪಳಿಯಿಂದ ತಯಾರಿಸಿದ, ಚುಚ್ಚುಮದ್ದಿನಂತೆ ಹಾಕಬಹುದಾದ ಜೆಲ್ ಕುರಿತು 2017ರಲ್ಲಿ ಸಂಶೋಧನಾ ಪ್ರಬಂಧ ಪ್ರಕಟಿಸಿದೆ. ಇದು ಬೆರೆತಾಗ ತಾನಾಗಿಯೇ ಗಟ್ಟಿಯಾಗುವುದರ ಜೊತೆಗೆ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವ ಗುಣ ಹೊಂದಿದೆ.

7. ಎಚ್ಚರಿಕೆಗಳು

- ಅಂಗಡಿಯಲ್ಲಿ ದೊರೆಯುವ ಮನೆಬಳಕೆಯ ತ್ವರಿತ ಅಂಟುಗಳನ್ನು ಯಾವುದೇ ಕಾರಣಕ್ಕೂ ಗಾಯಕ್ಕೆ ಹಚ್ಚಬಾರದು. ಅವು ಗಟ್ಟಿಯಾಗುವಾಗ ಶಾಖ ಬಿಡುಗಡೆಯಾಗುತ್ತದೆ, ಕ್ರಮೇಣ ಒಡೆದು ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಆಸ್ಪತ್ರೆಯಲ್ಲಿ ಚರ್ಮದ ಮೇಲೆ ಬಳಸುವ ಸೈನೋಅಕ್ರಿಲೇಟ್ ಅಂಟು ಅದೇ ಕುಟುಂಬದ್ದಾದರೂ ರಚನೆ ಬೇರೆ, ಕ್ರಿಮಿಶುದ್ಧೀಕರಿಸಿದ್ದು. ಅದು ಹೈಡ್ರೋಜೆಲ್ ಅಲ್ಲ.
- ಕೆಲವು ಹೈಡ್ರೋಜೆಲ್‌ಗಳು ಹಾಕಿದ ನಂತರ ನೀರು ಹೀರಿ ಉಬ್ಬುತ್ತವೆ. ಬೆನ್ನುಹುರಿಯಂತಹ ಇಕ್ಕಟ್ಟಾದ ಜಾಗದಲ್ಲಿ ಇದರಿಂದ ನರಗಳ ಮೇಲೆ ಒತ್ತಡ ಬೀಳುವ ಅಪಾಯವಿದೆ. ಶಸ್ತ್ರಚಿಕಿತ್ಸೆಯ ನಂತರ ಕೈಕಾಲು ಜೋಮು ಅಥವಾ ಬಲಹೀನತೆ ಕಂಡುಬಂದಲ್ಲಿ ಕೂಡಲೇ ವೈದ್ಯರಿಗೆ ತಿಳಿಸಬೇಕು.
- ಫೈಬ್ರಿನ್ ಸೀಲಂಟ್ ಅನ್ನು ರಕ್ತನಾಳದೊಳಕ್ಕೆ ಚುಚ್ಚುವಂತಿಲ್ಲ. ಅದು ಮೇಲ್ಮೈಗೆ ಹಚ್ಚುವ ವಸ್ತು.
- ಕಿಣ್ವಗಳು ಪ್ರೋಟೀನುಗಳಾಗಿದ್ದು ಶಾಖಕ್ಕೆ ಕೆಡುತ್ತವೆ. ಬೇಸಿಗೆಯಲ್ಲಿ 40 ಡಿಗ್ರಿ ಸಮೀಪಿಸುವ ನಮ್ಮ ಭಾಗದಲ್ಲಿ, ಔಷಧ ಅಂಗಡಿಯಿಂದ ಕಿಟ್ ತರಲು ಸೂಚಿಸಿದಲ್ಲಿ, ಲೇಬಲ್ಲಿನಲ್ಲಿ ಹೇಳಿದ ತಂಪನ್ನು ಕಾಪಾಡಿಕೊಂಡೇ ತರಬೇಕು. ಬಸ್ಸಿನಲ್ಲಿ ಬರಿಗೈಯಲ್ಲಿ ಹಿಡಿದು ತಂದ ಕಿಟ್ ಹೊರನೋಟಕ್ಕೆ ಸರಿಯಾಗಿಯೇ ಕಂಡರೂ ಒಳಗಿನ ಕ್ರಿಯಾವರ್ಧಕ ಸತ್ತಿರಬಹುದು.

8. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳು

1) ನನಗೆ ಬಳಸುವ ಅಂಟಿನ ಹೆಸರೇನು? ಹೊಲಿಗೆ ಅಥವಾ ಸ್ವಂತ ರಕ್ತದಿಂದ ಈ ಕೆಲಸ ಆಗುವುದಿಲ್ಲವೆ?
2) ಅದನ್ನು ಗಟ್ಟಿಯಾಗಿಸುವ ವಸ್ತು ಯಾವುದು? ಅದರ ಮೂಲ ಮಾನವ ರಕ್ತವೇ, ದನ ಅಥವಾ ಹಂದಿಯೇ, ಸಸ್ಯವೇ, ಜೈವಿಕ ತಂತ್ರಜ್ಞಾನವೇ?
3) ಅದು ದೇಹದಲ್ಲಿ ಎಷ್ಟು ದಿನ ಉಳಿಯುತ್ತದೆ?
4) ನನಗೆ ಈ ಹಿಂದೆ ಇಂತಹ ಅಂಟು ಹಾಕಿದ್ದರೆ ಅಥವಾ ಅಲರ್ಜಿ ಇದ್ದರೆ ತೊಂದರೆಯುಂಟೆ?
5) ಇದರ ವೆಚ್ಚ ಪ್ಯಾಕೇಜ್ ದರದಲ್ಲಿ ಸೇರಿದೆಯೆ?

ಎರಡನೆಯ ಪ್ರಶ್ನೆಯನ್ನು ಕೇಳಲು ಸಂಕೋಚಪಡಬೇಕಾಗಿಲ್ಲ. ಪ್ರಾಣಿಮೂಲದ ವಸ್ತುವನ್ನು ನಂಬಿಕೆಯ ಕಾರಣಕ್ಕೆ ಒಲ್ಲೆನೆನ್ನುವವರು ಇರುತ್ತಾರೆ. ವೈದ್ಯಕೀಯ ಕಾರಣಕ್ಕೆ ಅದು ಬೇಡವಾಗುವ ಸಂದರ್ಭಗಳನ್ನು ಕಂಡಿಕೆ 4ರಲ್ಲಿ ವಿವರಿಸಲಾಗಿದೆ. ಎರಡೂ ಸಂದರ್ಭಗಳಲ್ಲಿ ತಿಳಿದು ನಿರ್ಧರಿಸುವುದು ರೋಗಿಯ ಹಕ್ಕಾಗಿರುತ್ತದೆ. ಚಿಕಿತ್ಸೆಯ ಸ್ವರೂಪ, ಅಪಾಯ ಮತ್ತು ಪರ್ಯಾಯಗಳನ್ನು ತಿಳಿಸಿ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪ್ರಾಣಾಪಾಯದ ತುರ್ತು ಸಂದರ್ಭಗಳು ಇದಕ್ಕೆ ಹೊರತಾಗಿವೆ.

9. ನಿಯಂತ್ರಣ ಮತ್ತು ನೆರವು

ವೈದ್ಯಕೀಯ ಸಾಧನಗಳ ನಿಯಮಗಳು, 2017 ದಿನಾಂಕ 1-1-2018ರಿಂದ ಜಾರಿಗೆ ಬಂದಿದ್ದು, ಅಪಾಯದ ಮಟ್ಟಕ್ಕೆ ಅನುಗುಣವಾಗಿ ಸಾಧನಗಳನ್ನು ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಪೆಟ್ಟಿಗೆಯ ಮೇಲೆ ಉತ್ಪನ್ನದ ಹೆಸರು, ತಯಾರಕರ ವಿವರ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಹಾಗೂ ಪರವಾನಗಿ ಸಂಖ್ಯೆ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಹಣ ಕೊಟ್ಟು ಖರೀದಿಸಿದಲ್ಲಿ ಬ್ಯಾಚ್ ಸಂಖ್ಯೆ ನಮೂದಾದ ರಸೀದಿ ಪಡೆದು ಇಟ್ಟುಕೊಳ್ಳತಕ್ಕದ್ದು. ಮುಂದೆ ತೊಂದರೆ ಕಂಡುಬಂದಲ್ಲಿ ಈ ಒಂದು ಸಂಖ್ಯೆಯಿಂದಲೇ ಮೂಲವನ್ನು ಪತ್ತೆ ಹಚ್ಚಲು ಸಾಧ್ಯ.

ಔಷಧ ಅಥವಾ ಸಾಧನದಿಂದ ಅಡ್ಡಪರಿಣಾಮ ಉಂಟಾದಲ್ಲಿ ರೋಗಿಗಳು ಸ್ವತಃ ವರದಿ ಮಾಡಬಹುದು. ಔಷಧಗಳಿಗೆ 2010ರಿಂದ, ಸಾಧನಗಳಿಗೆ 2015ರಿಂದ ರಾಷ್ಟ್ರೀಯ ಕಾರ್ಯಕ್ರಮಗಳು ಜಾರಿಯಲ್ಲಿವೆ. ಶುಲ್ಕರಹಿತ ದೂರವಾಣಿ: 1800-180-3024.

2018ರಲ್ಲಿ ಆರಂಭವಾದ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಡಿ ಬಿ.ಪಿ.ಎಲ್. ಪಡಿತರ ಚೀಟಿ ಹೊಂದಿರುವ ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟು, ವಾರ್ಷಿಕ ರೂ. 1.5 ಲಕ್ಷ ಮಿತಿಗೊಳಪಟ್ಟು ನೆರವು ದೊರೆಯುತ್ತದೆ. ಬಾದಾಮಿ, ಹುನಗುಂದ, ಇಳಕಲ್ ಭಾಗದವರು ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಗೆ ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ತೆರಳಬೇಕು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ತುರ್ತು ಚಿಕಿತ್ಸೆಗೆ ಶಿಫಾರಸು ಪತ್ರದ ಅಗತ್ಯವಿರುವುದಿಲ್ಲ. ಆರೋಗ್ಯ ಸಂಬಂಧಿ ಮಾಹಿತಿಗಾಗಿ 104ಕ್ಕೆ ಕರೆ ಮಾಡಬಹುದು.

10. ಸಾಮಾನ್ಯವಾಗಿ ಉದ್ಭವಿಸುವ ಪ್ರಶ್ನೆಗಳು

ಪ್ರಶ್ನೆ: ದೇಹಕ್ಕೆ ಹಾಕಿದ ಅಂಟನ್ನು ಮುಂದೆ ತೆಗೆಸಬೇಕೆ?
ಉತ್ತರ: ಬಹುತೇಕ ಹೈಡ್ರೋಜೆಲ್ ಅಂಟುಗಳು ತಾವಾಗಿಯೇ ಕರಗುತ್ತವೆ. ಫೈಬ್ರಿನ್ ಸಾಮಾನ್ಯವಾಗಿ ಸುಮಾರು ಎರಡು ವಾರಗಳಲ್ಲಿ ಕರಗುತ್ತದೆ. ಕೃತಕ ಜೆಲ್‌ಗಳಿಗೆ ಹೆಚ್ಚು ಕಾಲ ಬೇಕಾಗಬಹುದು.

ಪ್ರಶ್ನೆ: ಮಾನವ ರಕ್ತದಿಂದ ತಯಾರಿಸಿದ್ದೆಂದರೆ ರೋಗ ಹರಡುವುದಿಲ್ಲವೆ?
ಉತ್ತರ: ದಾನಿಗಳ ರಕ್ತವನ್ನು ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ ಮುಂತಾದವುಗಳಿಗೆ ಪರೀಕ್ಷಿಸಿ, ವೈರಾಣು ನಾಶಪಡಿಸುವ ಕ್ರಮಗಳನ್ನು ಅನುಸರಿಸಲಾಗುತ್ತದೆ. ಅಪಾಯ ಅತ್ಯಲ್ಪ, ಆದರೆ ಸಂಪೂರ್ಣ ಇಲ್ಲವೆಂದು ಹೇಳಲಾಗದು. ಆದ್ದರಿಂದಲೇ ಪರವಾನಗಿ ಹೊಂದಿದ ಉತ್ಪನ್ನವನ್ನೇ ಬಳಸಬೇಕು.

ಪ್ರಶ್ನೆ: ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಅಂಟು ಹಿಡಿಯುತ್ತದೆಯೆ?
ಉತ್ತರ: ಕಿಟ್‌ನಲ್ಲಿ ಫೈಬ್ರಿನೋಜನ್ ಮತ್ತು ಥ್ರಾಂಬಿನ್ ಸಿದ್ಧರೂಪದಲ್ಲಿ ಇರುವುದರಿಂದ ಅದು ರೋಗಿಯ ರಕ್ತದ ಹೆಪ್ಪುಗಟ್ಟುವ ಶಕ್ತಿಯನ್ನು ಬಹುಮಟ್ಟಿಗೆ ಅವಲಂಬಿಸುವುದಿಲ್ಲ. ಸ್ವಂತ ರಕ್ತದ ವಿಧಾನ ಮಾತ್ರ ಅದನ್ನೇ ಅವಲಂಬಿಸಿದೆ. ಆದ್ದರಿಂದ ಮಾತ್ರೆಗಳ ವಿವರವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಪ್ರಶ್ನೆ: ಕಡಿಮೆ ಬೆಲೆಯ ಅಂಟು ಕಡಿಮೆ ಗುಣಮಟ್ಟದ್ದೆ?
ಉತ್ತರ: ಹಾಗೆಂದು ಹೇಳಲಾಗದು. ಗುಣಮಟ್ಟವನ್ನು ಪರವಾನಗಿ, ಅವಧಿ ಮತ್ತು ಸಂಗ್ರಹಣೆಯಿಂದ ತಿಳಿಯಬೇಕೇ ಹೊರತು ಬೆಲೆಯಿಂದಲ್ಲ.

11. ಸೂಚನೆ

ಈ ಲೇಖನದಲ್ಲಿನ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇದ್ದು, ವೈದ್ಯರ ಸಲಹೆಗೆ ಬದಲಿಯಾಗಿರುವುದಿಲ್ಲ. ಯಾವುದೇ ಉತ್ಪನ್ನವನ್ನು ಶಿಫಾರಸು ಮಾಡುವುದು ಅಥವಾ ನಿರಾಕರಿಸುವುದು ಇದರ ಉದ್ದೇಶವಲ್ಲ. ಅರ್ಜಿದಾರರು ಕಂಡಿಕೆ 8ರಲ್ಲಿನ ಐದು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಆಸ್ಪತ್ರೆಗೆ ಹೋಗುವುದು ಸೂಕ್ತ. ಓದಲು ಬಾರದ ಹಿರಿಯರ ಜೊತೆಗೆ ಮನೆಯವರೊಬ್ಬರು ಇದ್ದು, ಉತ್ತರಗಳನ್ನು ಅದೇ ಹಾಳೆಯಲ್ಲಿ ಬರೆಸಿಕೊಂಡು, ಒಪ್ಪಿಗೆ ಪತ್ರದ ಪ್ರತಿ ಮತ್ತು ರಸೀದಿಯೊಂದಿಗೆ ಜೋಪಾನವಾಗಿ ಇರಿಸಿಕೊಳ್ಳಬೇಕೆಂದು ಈ ಮೂಲಕ ಕೋರಲಾಗಿದೆ.